ಮೂವತ್ತು ಸಲ ತುಂಬಿದ ಬಾಟಲಿ

ಕಳೆದ ವಾರ ಏಳು ತಿಂಗಳ ಗರ್ಭಿಣಿಯೊಬ್ಬಳ ಕೈಯಿಂದ ಸೋಡಾ ಬಾಟಲಿ ಕಿತ್ತುಕೊಂಡೆ. ಅದೂ ಅವಳ ಸೀಮಂತದ ದಿನ, ಮಡಿಲು ತುಂಬಿಸಿಕೊಂಡು ಎದ್ದು ಬಂದ ಐದೇ ನಿಮಿಷಕ್ಕೆ, ಎರಡೂ ಕಡೆಯ ನೆಂಟರ ಎದುರಿಗೆ.

ಹುಡುಗಿ ನನ್ನ ನಾದಿನಿಯ ಮಗಳು ಶ್ರುತಿ. ಬೆಳಗ್ಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಗೋಲಿ ಸೋಡಾ. ಅದನ್ನೂ ಕಸಿದುಕೊಳ್ಳುವ ಅತ್ತೆ ಎಂಥವಳು?

(ಕಿತ್ತುಕೊಂಡೆ ಅನ್ನುವುದು ಆಮೇಲೆ ಊರೆಲ್ಲ ಹಬ್ಬಿದ ಮಾತು. ನಿಜವಾಗಿ, ನಾನು ಯಾವತ್ತೂ ಯಾವುದನ್ನೂ ಅಷ್ಟು ಮೆತ್ತಗೆ ಕೈಗೆ ತೆಗೆದುಕೊಂಡಿಲ್ಲ.)

ಕಡೂರಿನ ಒಂದು ಛತ್ರ. ಸುಡುವ ಬಿಸಿಲು. ಒಳಗೆ ಆರತಿ, ಫೋಟೊ, ಬಳೆ ಸದ್ದು. ಹೊರಗೆ ಶಾಮಿಯಾನದ ಕೆಳಗೆ ಸೋಡಾ ಕೌಂಟರ್. ಈಗ ನಮ್ಮ ಕಡೆ ಯಾವ ಫಂಕ್ಷನ್ ಆದರೂ ಗೋಲಿ ಸೋಡಾ ಇರಲೇಬೇಕು. ಇಲ್ಲದಿದ್ದರೆ ಎಷ್ಟು ಬಗೆ ಪಲ್ಯ ಮಾಡಿಸಿದರೂ ಬಂದವರಿಗೆ ಸಮಾಧಾನವಿಲ್ಲ.

ಗೂಡ್ಸ್ ಆಟೊದಿಂದ ಇಳಿಸಿದ ಎರಡು ಕ್ರೇಟ್ ಬಾಟಲಿ ಶಾಮಿಯಾನದ ಅಂಚಿನಲ್ಲಿ, ಬಿಸಿಲಿಗೇ ಕೂತಿದ್ದವು. ಪಕ್ಕದ ದೊಡ್ಡ ಟಬ್ಬಿನ ತುಂಬ ಐಸ್. ಅಡುಗೆಯವರು ಬಂದು ಬಾಟಲಿಗಳನ್ನು ಅದರಲ್ಲಿ ಮುಳುಗಿಸುವುದೊಂದೇ ಬಾಕಿ.

ಬಾಟಲಿಯ ಕುತ್ತಿಗೆಯ ಕೆಳಗೆ ಗಾಜಿನ ಮೇಲೇ ಅಚ್ಚಾದ, ಉಗುರಿನಷ್ಟಗಲ ಒಂದು ಕಪ್ಪು ಚೌಕ ಕಾಣಿಸಿತು. ಕ್ಯೂಆರ್ ಕೋಡ್. ನನಗೆ ಖುಷಿಯೋ ಖುಷಿ. ಯಾಕೆಂದರೆ ಆ ಕೋಡ್ ನನ್ನ ತವರಿನದು.

ನನ್ನ ತಮ್ಮ ಬಸವರಾಜು ಅಜ್ಜಂಪುರದಲ್ಲಿ ಸೋಡಾ ತಯಾರಿಸುತ್ತಾನೆ. ಹಿಂದೊಮ್ಮೆ ಗ್ಯಾಸ್ ತುಂಬುವಾಗ ಹಳೇ ಬಾಟಲಿಯೊಂದು ಸಿಡಿದು ಅವನ ಎಡಗೈಯ ನರ ಕತ್ತರಿಸಿ ಹೋಯಿತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಅಂಗಿಯ ಗುಂಡಿ ಹಾಕಲು ಹೆಂಡತಿ ಬರಬೇಕು. ಇದನ್ನು ನೋಡುತ್ತಲೇ ಬೆಳೆದ ಅವನ ಮಗಳು ಚೈತ್ರಾ, ಡಿಪ್ಲೊಮಾ ಮುಗಿಸಿ ಅಪ್ಪನ ಜೊತೆ ಕೆಲಸಕ್ಕೆ ನಿಂತ ಮೇಲೆ ಮಾಡಿದ ಮೊದಲ ಕೆಲಸವೇ ಈ ಕೋಡ್.

ಅವಳು ಹೇಳುವ ಪ್ರಕಾರ ಗಾಜು ನಮಗೆ ಮೋಸ ಮಾಡುತ್ತದೆ. ತುಂಬಿಸಿಕೊಂಡು, ತೊಳೆಸಿಕೊಂಡು, ಒಂದಕ್ಕೊಂದು ಬಡಿದುಕೊಂಡು ಒಳಗೊಳಗೇ ಸೋತಿರುತ್ತದೆ. ಹೊರಗಿನಿಂದ ಫಳಫಳ. ಹಾಗಾಗಿ ಅವರಲ್ಲಿ ಪ್ರತಿ ಬಾಟಲಿಯನ್ನೂ ತುಂಬುವ ಮುಂಚೆ ಸ್ಕ್ಯಾನ್ ಮಾಡುತ್ತಾರೆ. ಎಷ್ಟನೇ ಸಲ ಅನ್ನುವುದು ಫೋನಿನಲ್ಲಿ ಬರುತ್ತದೆ. ಮೂವತ್ತು ಆಯಿತೋ, ಆ ಬಾಟಲಿಗೆ ನಿವೃತ್ತಿ. ಅದನ್ನು ಒಡೆದು ಚೂರು ಮಾಡಿಯೇ ಆಚೆ ಕಳಿಸಬೇಕು. ಚೈತ್ರಾಳ ರೂಲ್.

ಪಕ್ಕದಲ್ಲಿ ಶ್ರುತಿಯ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ನಿಂತಿದ್ದರು. ತವರಿನ ಹೆಚ್ಚುಗಾರಿಕೆ ತೋರಿಸುವ ಚಾನ್ಸ್ ಬಿಡುವುದುಂಟೆ? ಒಂದು ಬಾಟಲಿ ಕೈಗೆತ್ತಿಕೊಂಡು, ಫೋನ್ ತೆಗೆದು ಸ್ಕ್ಯಾನ್ ಮಾಡಿದೆ.

ಸ್ಕ್ರೀನ್ ಕೆಂಪಾಯಿತು.

‘ತುಂಬಿದ್ದು: ಮೂವತ್ತು. ನಿವೃತ್ತ. ಮತ್ತೆ ತುಂಬಬಾರದು.’ ಅದರ ಕೆಳಗೆ ಚೈತ್ರಾ ಟೈಪ್ ಮಾಡಿದ್ದ ಇನ್ನೊಂದು ಸಾಲು: ‘ಒಡೆದಿಲ್ಲ. ಕಡೂರು ಅತ್ತೆಗೆ ಕೊಟ್ಟಿದೆ, ಹೂವಿನ ಪಾತಿಗೆ.’

ಕಡೂರು ಅತ್ತೆ ಅಂದರೆ ನಾನು.

ಎರಡು ವರ್ಷದ ಹಿಂದಿನ ಮಾತು. ತಮ್ಮನ ಶೆಡ್ಡಿನ ಹಿಂದೆ ಒಡೆಯಲು ಇಟ್ಟಿದ್ದ ಬಾಟಲಿಗಳ ಮೇಲೆ ಬಿಸಿಲು ಬಿದ್ದು, ತಿಳಿಹಸಿರು ಬಣ್ಣ ಗೋಡೆಯ ಮೇಲೆಲ್ಲ ಆಡುತ್ತಿತ್ತು. ಇಷ್ಟು ಚೆಂದದ್ದನ್ನು ಒಡೆಯುತ್ತೀಯಲ್ಲೋ ಅಂದೆ. ಅಂಗಳದ ಗುಲಾಬಿ ಪಾತಿಯ ಸುತ್ತ ಹೂಳಲು ಮೂರು ಕ್ರೇಟ್ ಕೇಳಿದೆ. ಅವನು ಬೇಡ ಅಂದ. ನಾನು ಬಿಡಲಿಲ್ಲ. ಅಕ್ಕ ಅಲ್ಲವೇ? ಕೊನೆಗೆ ಸೋತು, ಒಂದೇ ಮಾತು ಹೇಳಿ ಕೊಟ್ಟ.

“ಯಾವತ್ತು ಕಿತ್ರೂ ಒಡ್ದೇ ಹಾಕ್ಬೇಕು ಕಣಕ್ಕ. ಬೇರೆಯವ್ರ ಕೈಗೆ ಹೋಗ್ಬಾರ್ದು.”

ಹೂಂ ಅಂದಿದ್ದೆ.

ಹೋದ ವರ್ಷ ಅಂಗಳಕ್ಕೆ ಸಿಮೆಂಟ್ ಹಾಕಿಸಿದೆವು. ಪಾತಿ ಹೋಯಿತು, ಬಾಟಲಿಗಳು ಉಳಿದವು. ಒಟ್ಟು ಎಪ್ಪತ್ತೆರಡು. ಮನೆ ಮುಂದೆ ಕೂತು ಎಪ್ಪತ್ತೆರಡು ಬಾಟಲಿ ಒಡೆಯುವುದು ಯಾರಿಗೆ ಇಷ್ಟ? ಮಣ್ಣು ತೊಳೆದು, ಒರೆಸಿ, ಬೀದಿಯಲ್ಲಿ ಕೂಗಿಕೊಂಡು ಬಂದ ಗುಜರಿಯವನಿಗೆ ಕೊಟ್ಟುಬಿಟ್ಟೆ. ದುಡ್ಡೂ ತೆಗೆದುಕೊಳ್ಳಲಿಲ್ಲ. (ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ.)

ಕೈಲಿದ್ದ ಬಾಟಲಿಯನ್ನು ಮೆಲ್ಲಗೆ ಕ್ರೇಟಿಗೆ ಇಟ್ಟೆ. ಇನ್ನೊಂದು ಸ್ಕ್ಯಾನ್ ಮಾಡಿದೆ. ಕೆಂಪು. ಮತ್ತೊಂದು. ಕೆಂಪು. ಎರಡು ಕ್ರೇಟ್, ನಲವತ್ತೆಂಟು ಬಾಟಲಿ. ಎಲ್ಲದರ ಮೇಲೂ ಅದೇ ಚೌಕ. ಯಾರೋ ಅವುಗಳಿಗೆ ಮತ್ತೆ ಗ್ಯಾಸ್ ತುಂಬಿದ್ದಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಮಣ್ಣಿನಲ್ಲಿ ಹೂತಿದ್ದ, ಕಲ್ಲು ಮರಳಿಗೆ ಉಜ್ಜಿಕೊಂಡಿದ್ದ ಗಾಜು. ಮುಟ್ಟಿದರೆ ಬಿಸಿ. ಪಕ್ಕದಲ್ಲಿ ಐಸ್, ಬಿಸಿ ಗಾಜಿಗೆ ತಾಗಿದರೆ ಸಾಕು, ಸೀಳುತ್ತದೆ.

ತಲೆ ಎತ್ತಿದೆ. ಶ್ರುತಿ ನಾಲ್ಕು ಹೆಜ್ಜೆ ಆಚೆ ನಿಂತಿದ್ದಳು. ಯಾರಿಗೂ ಕಾಯದೆ ಒಂದು ಬಾಟಲಿ ಎತ್ತಿಕೊಂಡಿದ್ದಾಳೆ. ಗೋಲಿ ಒತ್ತುವ ಮರದ ತುಂಡಿಗಾಗಿ ಮೇಜಿನ ಮೇಲೆ ಕಣ್ಣಾಡಿಸುತ್ತಿದ್ದಾಳೆ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊಟ್ಟೆಗೆ ಆನಿಸಿಕೊಂಡಿದ್ದಾಳೆ.

ಕೂಗಿದರೆ ಬೆಚ್ಚಿ ಬಾಟಲಿ ಬೀಳಿಸಿಬಿಡುತ್ತಾಳೆ. ಸುಮ್ಮನಿದ್ದರೆ ಒತ್ತಿಬಿಡುತ್ತಾಳೆ. ಏನು ಮಾಡಲಿ? ಓಡದೆ ನಾಲ್ಕು ಹೆಜ್ಜೆ ನಡೆದೆ. ಅವಳ ಎದುರು ನಿಂತು, ನಗುವ ಹಾಗೆ ಮುಖ ಮಾಡಿಕೊಂಡು, ಎರಡೂ ಕೈ ಚಾಚಿದೆ.

“ಅಲ್ಲಾಡ್ಬೇಡ ಕಣಮ್ಮ. ಅದನ್ನ ನಂಗೆ ಕೊಡು.”

“ಯಾಕತ್ತೆ, ಡಾಕ್ಟ್ರು ಬೇಡ ಅಂದಿಲ್ಲ.”

“ಕೊಡು ಅಂದ್ನಲ್ಲ.”

ದನಿಯಲ್ಲಿ ಏನಿತ್ತೋ, ಕೊಟ್ಟಳು. ಕಣ್ಣಲ್ಲಿ ನೀರು ತುಂಬಿತ್ತು. ಬೀಗಿತ್ತಿಯ ಮುಖ ಗಂಟಾಗಿತ್ತು. ನಾನು ಆ ಬಾಟಲಿಯನ್ನು ಮುಖದಿಂದ ದೂರ ಹಿಡಿದು, ಶಾಮಿಯಾನದ ಆಚೆ ಒಂದು ಮೂಲೆಯಲ್ಲಿ ನೆಲಕ್ಕಿಟ್ಟು ಬಂದೆ. ಹತ್ತು ಹನ್ನೆರಡು ಹೆಜ್ಜೆ ಇರಬಹುದು. ಅಷ್ಟು ದೂರ ನಾನು ಯಾವತ್ತೂ ನಡೆದಿಲ್ಲ ಅನ್ನಿಸಿತು.

ಆಮೇಲೆ ತಮ್ಮನಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವನು ಬಯ್ಯಲಿಲ್ಲ. ಜನರನ್ನೆಲ್ಲ ಒಳಗೆ ಕಳಿಸು, ಕ್ರೇಟ್ ಅಲ್ಲಾಡಿಸಬೇಡ, ನೆರಳಿಗೂ ಎಳೆಯಬೇಡ, ಅಪ್ಪಿತಪ್ಪಿಯೂ ನೀರು ಸುರಿಯಬೇಡ, ದಪ್ಪ ಜಮಖಾನ ಇದ್ದರೆ ದೂರದಿಂದ ಮುಚ್ಚು ಅಂದ. ಬೀರೂರು ದಾಟಿ ಬರಲು ಮುಕ್ಕಾಲು ಗಂಟೆ ಬೇಕು ಅಂದ.

ಮುಕ್ಕಾಲು ಗಂಟೆ.

ಅಡುಗೆಯವರಿಗೆ ಊಟಕ್ಕೆ ಬಡಿಸಿಬಿಡಿ ಅಂದೆ. ಜನ ಎಲೆ ಮುಂದೆ ಕೂತರು. ನಾದಿನಿಯ ಗಂಡನೂ ನಾನೂ ಸೇರಿ ಎರಡು ಜಮಖಾನ ಹೊದಿಸಿ, ಬಾಗಿಲು ಮುಚ್ಚಿ, ಕಿಟಕಿಯ ಹತ್ತಿರ ನಿಂತೆವು. ಬಾಟಲಿ ಹಳೆಯವು, ಸಿಡಿಯಬಹುದು ಎಂದಷ್ಟೇ ಅವರಿಗೆ ಹೇಳಿದ್ದೆ. ಆ ಕೊನೆಯ ಸಾಲು ಹೇಳಿರಲಿಲ್ಲ. ಫೋನ್ ಸೆರಗಿನೊಳಗಿತ್ತು.

ಹೆದರಿಕೆ ಒಂದೇ ಬಗೆಯದಲ್ಲ ಅಂತ ನನಗೆ ಅವತ್ತು ಗೊತ್ತಾಯಿತು. ಒಂದು, ಬಾಗಿಲಾಚೆ ಜಮಖಾನದ ಕೆಳಗಿನದು. ಇನ್ನೊಂದು, ಯಾರಾದರೂ ಫೋನ್ ಕೊಡಿ ನೋಡೋಣ ಅಂದುಬಿಟ್ಟರೆ ಅನ್ನುವುದು. ಎರಡರಲ್ಲಿ ಯಾವುದು ದೊಡ್ಡದಾಗಿತ್ತು? ಹೇಳಲು ನಾಚಿಕೆಯಾಗುತ್ತದೆ.

ಪಾಯಸ ಬಡಿಸುತ್ತಿದ್ದಾಗ ಹೊರಗೆ ಢಬ್ ಎಂದಿತು.

ಪಟಾಕಿಯ ಸದ್ದಲ್ಲ. ಅದಕ್ಕಿಂತ ಗಿಡ್ಡ, ಗಟ್ಟಿ. ಕಿಟಕಿಯಿಂದ ನೋಡಿದೆ. ಜಮಖಾನದ ನಡುವೆ ಅಂಗೈಯಗಲ ತೂತಾಗಿತ್ತು. ಒಂದು ಚೂರು ಟಬ್ಬಿನ ಅಂಚಿಗೆ ನೆಟ್ಟುಕೊಂಡಿತ್ತು. ಅಡುಗೆಯವರು ನಿಂತು ಬಾಟಲಿ ಮುಳುಗಿಸಬೇಕಾಗಿದ್ದ ಜಾಗವೇ ಅದು. ಶ್ರುತಿ ಎಲೆ ಬಿಟ್ಟು ಎದ್ದಳು. ಬಂದು ನನ್ನ ಕೈ ಹಿಡಿದುಕೊಂಡಳು.

“ನನ್ನ ಕೈಲಿದ್ದದ್ದೂ ಅದೇನಾ ಅತ್ತೆ?”

ಅವಳನ್ನು ಕಿಟಕಿಯಿಂದ ಈಚೆ ಎಳೆದುಕೊಂಡೆ.

ಬಸವರಾಜು ಬಂದ. ತಲೆಗೆ ಹೆಲ್ಮೆಟ್, ಕೈಗೆ ತೊಗಲಿನ ಗವಸು, ಮೈಗೆ ದಪ್ಪ ಕೋಟು. ಜೊತೆಗೆ ಚೈತ್ರಾ. ಅವಳನ್ನು ಒಳಗೇ ನಿಲ್ಲಿಸಿ ತಾನೊಬ್ಬನೇ ಹೋದ. ಜಮಖಾನ ಸರಿಸಿ, ಒಂದೊಂದೇ ಬಾಟಲಿಗೆ ಒಣ ಗೋಣಿ ಸುತ್ತಿ, ಗೋಲಿ ಒತ್ತಿ ಗ್ಯಾಸ್ ಬಿಡತೊಡಗಿದ. ಮಡಚದ ಎರಡು ಬೆರಳು ಗವಸಿನಲ್ಲೂ ನೆಟ್ಟಗೇ ನಿಂತಿದ್ದವು. ಪ್ರತಿ ಸಲ ಬಗ್ಗಿದಾಗಲೂ ನಮ್ಮ ಉಸಿರು ನಿಲ್ಲುತ್ತಿತ್ತು. ಬುಸ್ ಅಂದರೆ ಮತ್ತೆ ಉಸಿರು. ನಲವತ್ತೇಳು ಸಲ. ಮಧ್ಯೆ ಒಂದರ ಕುತ್ತಿಗೆ ಅವನ ಕೈಯಲ್ಲೇ ಕಿತ್ತು ಬಂತು. ಗವಸು ಹರಿಯಿತು, ಕೈ ಉಳಿಯಿತು. ಕಿಟಕಿಯ ಈಚೆ ಚೈತ್ರಾ ಕಣ್ಣು ಮುಚ್ಚಿಕೊಂಡಿದ್ದಳು.

ಮುಗಿಸಿ ಬಂದವನು ಹೆಲ್ಮೆಟ್ ತೆಗೆದು ನೀರು ಕೇಳಿದ. ಆಮೇಲೆ ನನ್ನ ಫೋನ್ ಕೇಳಿದ. ಓದಿದ. ವಾಪಸ್ ಕೊಟ್ಟ. ಬಯ್ದಿದ್ದರೆ ಹಗುರಾಗುತ್ತಿದ್ದೆ.

ಅಷ್ಟರಲ್ಲಿ ಸೋಡಾ ತಂದುಕೊಟ್ಟಿದ್ದ ಮಂಜಣ್ಣನನ್ನು ಹಿರೇನಲ್ಲೂರಿನಿಂದ ಕರೆಸಿದ್ದರು. ಹೊಸದಾಗಿ ಸೋಡಾ ಶುರುಮಾಡಿದ ಬಡಪಾಯಿ. ಹೆಂಡತಿ ತೊಳೆಯುತ್ತಾಳೆ, ಇವನು ತುಂಬುತ್ತಾನೆ. ನಾದಿನಿಯ ಗಂಡ ಅವನ ಕೊರಳಪಟ್ಟಿ ಹಿಡಿದರು. ನಮ್ಮ ಮಗಳ ಹೊಟ್ಟೆಯ ಮೇಲೆ ಬಾಂಬ್ ಇಡಲು ಬಂದೆಯಾ ಅಂದರು. ಒಬ್ಬರು ಪೊಲೀಸ್ ಅಂದರು, ಇನ್ನೊಬ್ಬರು ಅಂಗಡಿ ಮುಚ್ಚಿಸುತ್ತೇವೆ ಅಂದರು. ಅವನು ಗುಜರಿಯಿಂದ ಕೊಂಡದ್ದು, ಚೆನ್ನಾಗಿ ತೊಳೆದಿದ್ದೆ ಅಂತ ಮತ್ತೆ ಮತ್ತೆ ಹೇಳುತ್ತಿದ್ದ.

ಗುಜರಿಗೆ ಕೊಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಲ್ಲೇ ಇದ್ದೆ, ಎರಡು ಮಾರು ದೂರದಲ್ಲಿ. ಇಷ್ಟು ವರ್ಷ ಈ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳಿದವಳು ನಾನೇ.

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಬಸ್ ಹತ್ತಿ ಹಿರೇನಲ್ಲೂರಿಗೆ ಹೋದೆ. ಮಂಜಣ್ಣನ ಮೆಷಿನ್ ಮೇಲೆ ಗೋಣಿ ಹೊದಿಸಿತ್ತು. ಹೆಂಡತಿ ಒಳಗಿನಿಂದ ಬಂದು ಮಣೆ ಹಾಕಿದಳು. ಎಲ್ಲ ಹೇಳಿದೆ. ಪಾತಿ, ಸಿಮೆಂಟ್, ಗುಜರಿ, ಸೆರಗಿನೊಳಗಿನ ಫೋನ್, ಎಲ್ಲ. ಅವನು ನೆಲ ನೋಡುತ್ತ ಕೇಳಿಸಿಕೊಂಡ.

“ಆ ಚೌಕ ನೋಡಿದ್ದೆ ಕಣಕ್ಕಾ. ಕಂಪ್ನಿ ಗುರ್ತು ಅಂದ್ಕಂಡೆ. ನನ್ ಫೋನಲ್ಲಿ ಫೋಟಾನೇ ಬರಲ್ಲ.” ಜೇಬಿನಿಂದ ಬಟನ್ ಫೋನ್ ತೆಗೆದು ತೋರಿಸಿದ. “ಅವತ್ತೇ ಹೇಳಿದ್ರೆ ಒಂದೇಟಾದ್ರೂ ತಪ್ತಿತ್ತು.”

ಹೌದು. ಏಟೂ ಬಿದ್ದಿತ್ತು. ಅದನ್ನೂ ನಾನು ನೋಡಿದ್ದೆ.

ಅವನ ಎದುರಿಗೇ ನಾದಿನಿಯ ಗಂಡನಿಗೆ ಫೋನ್ ಮಾಡಿ ತಪ್ಪು ನನ್ನದು ಅಂದೆ. ಅವರು ಫೋನ್ ಇಟ್ಟುಬಿಟ್ಟರು. ನಾದಿನಿ ಈಗ ನನ್ನ ಜೊತೆ ಮಾತಾಡುತ್ತಿಲ್ಲ. ಅವತ್ತೇ ಸಂಜೆ ನಾದಿನಿಯ ಗಂಡ ಹಿರೇನಲ್ಲೂರಿಗೆ ಹೋಗಿ ಮಂಜಣ್ಣನಿಗೆ ಕೈಮುಗಿದು ಬಂದರಂತೆ. ಶ್ರುತಿ ಮಾತ್ರ ದಿನಾ ಒಂದು ಸಲ ಫೋನ್ ಮಾಡುತ್ತಾಳೆ. ಸದ್ದಾದರೆ ಬೆಚ್ಚುತ್ತೇನೆ ಅತ್ತೆ ಅನ್ನುತ್ತಾಳೆ. ಕುಕ್ಕರ್ ಕೂಗಿದರೂ.

ನಾವು ಬೇಡವಾದದ್ದನ್ನು ಒಡೆಯುವುದಿಲ್ಲ. ಕೊಟ್ಟುಬಿಡುತ್ತೇವೆ. ಸವೆದ ಟೈರು, ವೈರ್ ಬಿಚ್ಚಿಕೊಂಡ ಮಿಕ್ಸಿ, ಸೀಳು ಬಿಟ್ಟ ಕುಕ್ಕರ್. ನಮ್ಮ ಮನೆಯಿಂದ ಆಚೆ ಹೋದರೆ ಸಾಕು. ಕೊಟ್ಟೆವು ಅನ್ನುವ ಸಂತೋಷ ಬೇರೆ. ಚೈತ್ರಾಳ ಕೋಡ್ ಮೂವತ್ತರವರೆಗೆ ಸರಿಯಾಗಿ ಎಣಿಸಿತು, ನಿಲ್ಲಿಸು ಅಂತಲೂ ಹೇಳಿತು. ನಿಲ್ಲಿಸಬೇಕಾದ ಕೈ ನನ್ನದಾಗಿತ್ತು. (ಈಗ ಅವರಲ್ಲಿ ನಿವೃತ್ತ ಬಾಟಲಿಯನ್ನು ಸ್ಕ್ಯಾನ್ ಮಾಡಿದ ಕೂಡಲೇ ಅಲ್ಲೇ ಒಡೆಯುತ್ತಾರೆ. ಅಕ್ಕ ಬಂದರೂ ಕೊಡುವುದಿಲ್ಲ.)

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ಮಂಜಣ್ಣನ ಬಳಿ ಬಂದದ್ದು ಮೂರು ಕ್ರೇಟ್. ಎರಡು ಸೀಮಂತಕ್ಕೆ ಬಂದವು. ಮೂರನೆಯದನ್ನು ಅವನು ಅದಕ್ಕೂ ಮುಂಚೆ ತುಂಬಿ, ತರೀಕೆರೆ ಕಡೆಯ ಅಂಗಡಿಗಳಿಗೆ ನಾಲ್ಕು ಐದರಂತೆ ಹಾಕಿ ಬಂದಿದ್ದ. ತಮ್ಮ, ಚೈತ್ರಾ, ಮಂಜಣ್ಣ, ನಾನು ನಾಲ್ವರೂ ಎರಡು ದಿನ ಅಂಗಡಿ ಅಂಗಡಿ ಸುತ್ತಿದೆವು. ಫ್ರಿಜ್‌ಗಳಲ್ಲಿ, ಕ್ರೇಟ್‌ಗಳ ತಳದಲ್ಲಿ, ಬಸ್ ಸ್ಟ್ಯಾಂಡಿನ ತಳ್ಳುಗಾಡಿಯಲ್ಲಿ ಹುಡುಕಿದೆವು. ಹನ್ನೊಂದು ಸಿಕ್ಕವು. ಉಳಿದವುಗಳ ಬಗ್ಗೆ ಅಂಗಡಿಯವರಿಗೆ ನೆನಪಿಲ್ಲ. ಯಾರೋ ಕುಡಿದು ವಾಪಸ್ ಕೊಟ್ಟರು, ಬೇರೆ ಸೋಡಾದವರು ತಮ್ಮದರ ಜೊತೆ ಎತ್ತಿಕೊಂಡು ಹೋದರು, ಮತ್ತೆ ತುಂಬಿರಬಹುದು, ಅಷ್ಟೇ.

ಹದಿಮೂರು ಬಾಟಲಿ ಇನ್ನೂ ಸಿಕ್ಕಿಲ್ಲ. ಬಿಸಿಲು ದಿನೇದಿನೇ ಏರುತ್ತಿದೆ. ಇವತ್ತು ನಿಮ್ಮ ಕೈಗೆ ಬಂದ ಸೋಡಾ ಬಾಟಲಿಯ ಕುತ್ತಿಗೆಯ ಕೆಳಗೆ ಕಪ್ಪು ಚೌಕವಿತ್ತೇ, ನೋಡಿದಿರಾ?