ಹೇಳಿದವರು: ನನ್ನ ಅಜ್ಜಿ

ಇವತ್ತು ಬೆಳಿಗ್ಗೆ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಸಲು ನಿಂತಿದ್ದೆ. ಝೆರಾಕ್ಸ್ ಯಂತ್ರದಿಂದ ಹೊರಬಿದ್ದ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಕಾಕದ ಆ ಡಿ.ಟಿ.ಪಿ. ಅಂಗಡಿಯ ಕಾಕಾ ನೆನಪಾದರು. ಅವರು ನೆನಪಾದರೆ ಇವತ್ತಿಗೂ ನಾನು ಹಲ್ಲು ಕಡಿಯುತ್ತೇನೆ.

ಆಗ ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಮಮದಾಪುರದ ಕುರಿ ಸಾಕುವ ಮನೆತನದವಳು, ಕಂಬಳಿ ನೇಯ್ಗೆಯ ಮೇಲೆ ಕಿರುಪ್ರಬಂಧ ಬರೆದಿದ್ದೆ. ಉಣ್ಣೆ ಕತ್ತರಿಸುವುದರಿಂದ ಹಿಡಿದು ಹುಣಸೆ ಬೀಜದ ಗಂಜಿ ಹಚ್ಚುವವರೆಗೆ ಎಲ್ಲವನ್ನೂ ಹೇಳಿಕೊಟ್ಟವಳು ಅಜ್ಜಿ. ಪುಟದ ಅಡಿಯಲ್ಲಿ ‘ಹೇಳಿದವರು: ನನ್ನ ಅಜ್ಜಿ’ ಎಂದಷ್ಟೇ ಬರೆದೆ. ನಮ್ಮಲ್ಲಿ ಹಿರಿಯರ ಹೆಸರು ಹಿಡಿದು ಮಾತಾಡುವುದಿಲ್ಲ; ಬರೆಯಲೂ ನನಗೆ ಕೈ ಬರಲಿಲ್ಲ.

ಕಾಕಾ ಟೈಪ್ ಮಾಡುತ್ತಾ ನನಗೆ ಚಹಾ ತರಿಸುತ್ತಿದ್ದರು. “ಭಾಳ ಚಲೋ ಬರದೀಯವ್ವಾ” ಎನ್ನುತ್ತಿದ್ದರು... ಚಲೋ ಇತ್ತೆಂದೇ ಆ ಫೈಲನ್ನು ಇನ್ನೊಬ್ಬ ಹುಡುಗಿಗೆ ಕೊಟ್ಟರು. ಆಕೆ ಮುಖಪುಟ ಬದಲಿಸಿ, ನನಗಿಂತ ನಾಲ್ಕು ದಿನ ಮೊದಲೇ ಸಲ್ಲಿಸಿದಳು.

ಎರಡೂ ಒಂದೇ ಎಂದು ಗೊತ್ತಾದಾಗ, ತಡವಾಗಿ ಬಂದ ನನ್ನದೇ ಕಳವು ಎಂದರು ಪರೀಕ್ಷಕರು. “ಇದನ್ನ ಹೇಳಿದಾಕಿ ನಮ್ಮಜ್ಜಿರಿ” ಎಂದೆ. ಆ ಹುಡುಗಿಯ ಪ್ರತಿಯಲ್ಲೂ ‘ನನ್ನ ಅಜ್ಜಿ’ ಎಂದೇ ಇತ್ತು. ಅಜ್ಜಿ ಯಾರಿಗಿಲ್ಲ? ಕರೆತರೋಣವೆಂದರೆ ನನ್ನ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಉಳಿದ ಸಾಕ್ಷಿ ಕಾಕಾ ಒಬ್ಬರೇ. ಓಡಿಹೋಗಿ ಅವರ ಮುಂದೆ ಅತ್ತೆ.

“ಯಾರದು ಮೊದಲ ಬಂತು ಅಂತ ಕಾಲೇಜಿಗೆ ಬಂದು ಒಂದ್ ಮಾತ ಹೇಳ್ರಿ ಕಾಕಾ.”

ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. “ದಿನಾ ಎಷ್ಟ ಮಂದಿ ಬರ್ತಾರ... ನನಗ ನೆನಪಿಲ್ಲವ್ವಾ.”

ನನಗೆ ಸೊನ್ನೆ ಬಿತ್ತು, ಒಂದು ವರ್ಷ ಹೋಯಿತು. ಅದೂ ಹೋಗಲಿ, ಅಜ್ಜಿಯ ಮಾತಿಗೆ ನಾನೇ ಕಳ್ಳಿಯಾದೆ. ಈ ಮನುಷ್ಯನನ್ನು ಬಿಡಬಾರದು ಎಂದು ಆವತ್ತೇ ನಿಶ್ಚಯಿಸಿದೆ.

ಬಿಡಲೂ ಇಲ್ಲ. ಮುಂದೆ ಮೂಡಲಗಿಯಲ್ಲಿ ಉಪನ್ಯಾಸಕಿಯಾದೆ. ಅಸೈನ್‌ಮೆಂಟ್ ಕೈಯಲ್ಲೇ ಬರೆಯಬೇಕು, ಯಾರ ಮಾತು ತೆಗೆದುಕೊಂಡರೂ ಅವರ ಹೆಸರು, ಊರು, ಹೇಳಿದ ದಿನ ಹಾಕಬೇಕು, ಪುಸ್ತಕವಾದರೆ ಪುಟದ ಸಂಖ್ಯೆಯೂ ಇರಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಗೋಕಾಕ, ಹುಕ್ಕೇರಿಯ ಕಾಲೇಜುಗಳಲ್ಲಿದ್ದ ಗೆಳತಿಯರಿಂದಲೂ ಅದನ್ನೇ ಮಾಡಿಸಿದೆ. ಮಕ್ಕಳ ಒಳ್ಳೆಯದಕ್ಕೆಂದು ಎಲ್ಲರೂ ಹೊಗಳಿದರು. ಖರೆ ಹೇಳುತ್ತೇನೆ, ನನಗೆ ಕಾಕಾನ ಅಂಗಡಿ ಖಾಲಿ ಕಾಣಬೇಕಿತ್ತು. ಬಸ್ಸಿನ ಕಿಟಕಿಯಿಂದ ಅದು ಖಾಲಿ ಕಂಡ ದಿನ ಹೊಟ್ಟೆ ತುಂಬ ಉಂಡೆ.

ಒಮ್ಮೆ ಅವರೇ ಕಾಲೇಜಿಗೆ ಬಂದರು, ಬಡಕಲಾಗಿದ್ದರು. “ಹುಡುಗರಿಗಿ ಟೈಪ್ ಮಾಡಸಾಕ ಬಿಡ್ರಿ ಮೇಡಂ. ಅಂಗಡಿ ಮುಚ್ಚೂ ಹಂಗ ಆಗೇತಿ... ನನ್ನ ಗುರ್ತ ಸಿಗಲಿಲ್ಲೇನ್ರಿ?”

“ದಿನಾ ಎಷ್ಟ ಮಂದಿ ಬರ್ತಾರ” ಎಂದೆ. “ನನಗ ನೆನಪಿಲ್ರಿ.”

ಅವರು ನನ್ನ ಮುಖ ನೋಡಿ ಹೊರಟುಹೋದರು. ಅಷ್ಟು ರುಚಿಯಾದ ಮಾತನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ.

ಇವತ್ತೇ ಮಧ್ಯಾಹ್ನ ಧುಪದಾಳದ ವಿದ್ಯಾರ್ಥಿನಿಯೊಬ್ಬಳು ಮುಚ್ಚಿಹೋದ ಅಂಗಡಿಗಳ ಬಗ್ಗೆ ಬರೆದು ತಂದಳು. ಕಾಕಾನನ್ನೂ ಮಾತಾಡಿಸಿದ್ದಳು. ಹೆಸರು, ಊರು, ದಿನ ಎಲ್ಲ ಸರಿಯಾಗಿ ಹಾಕಿ ಅವರ ಮಾತನ್ನು ಇದ್ದ ಹಾಗೇ ಇಳಿಸಿದ್ದಳು: “ಕಂಬಳಿ ಮ್ಯಾಲ ಮೊದಲ ಬರದಾಕಿ ಮಮದಾಪುರದ ಹುಡುಗಿ. ಆಕಿ ಫೈಲ್ ಬ್ಯಾರೇದಾಕಿಗಿ ಕೊಟ್ಟಾಂವ ನಾನ. ನೆನಪಿಲ್ಲ ಅಂತ ಸುಳ್ಳ ಹೇಳಿದೆ.”

“ಇವರನ್ನ ಈಗಿಂದೀಗ ಕರಕೊಂಡ ಬಾ” ಎಂದೆ.

“ತೀರಿಕೊಂಡ್ರಿ ಮೇಡಂ. ಹದಿನೈದ ದಿನಾತ್ರಿ.”

ಎಲ್ಲವನ್ನೂ ಹೇಳಿ, ನನಗೆ ಮಾತ್ರ ಹೇಳದೆ ಹೋದರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಹುಡುಗಿ ಅಂಜುತ್ತಲೇ ಹೇಳಿದಳು, “ಆ ಮಮದಾಪುರದಾಕಿ ಹೆಸರ ಸಿಗಲಿಲ್ರಿ. ಜಾಗಾ ಬಿಟ್ಟೇನಿ.”

ಪೆನ್ನು ತೆಗೆದು ಅಲ್ಲಿ ನನ್ನ ಹೆಸರು ಬರೆದೆ. ಬರೆದು, ಈ ಪುಟವನ್ನು ಇನ್ನು ಯಾರ ಮುಖಕ್ಕೆ ಹಿಡಿಯಲಿ ಎಂದು ಕುಳಿತಿದ್ದೇನೆ.