ತುಟಿ ಬಿಚ್ಚದೆ ಕರೆದದ್ದು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಂಬುವುದು ನನ್ನ ಜಾಯಮಾನವೇ ಅಲ್ಲ. ಹಾಲಿನವನು ನಗುತ್ತ ಬಂದರೆ ಇವತ್ತು ನೀರು ಜಾಸ್ತಿಯೇ ಎಂದುಕೊಳ್ಳುವವಳು ನಾನು.

ಕೆಲವು ವರ್ಷಗಳ ಹಿಂದೆ, ಬಂಗಾಳದ ಬಾಲಿಗಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ಅವ್ವ ನನಗೆ ಕೊಟ್ಟಿದ್ದ ಬೆಂಡೋಲೆಗಳಲ್ಲಿ ಒಂದು ಕಾಣೆಯಾಯಿತು. ಮನೆಗೆಲಸದ ಮಾಲತಿಯ ಮೇಲೆಯೇ ನನ್ನ ಗುಮಾನಿ. ಸಂಜೆ ಅವಳನ್ನು ಕೆಲಸದಿಂದ ಬಿಡಿಸಿ, ಅಕ್ಕಪಕ್ಕದವರಿಗೂ ಹೇಳಿಬಿಡಬೇಕೆಂದು ತೀರ್ಮಾನಿಸಿದೆ. ಹೇಳಿದರೆ ಆ ಕಟ್ಟಡದಲ್ಲಿ ಅವಳಿಗೆ ಇನ್ನೊಂದು ಮನೆ ಸಿಗುತ್ತಿರಲಿಲ್ಲ. ಅದು ಗೊತ್ತಿದ್ದೇ ತೀರ್ಮಾನಿಸಿದೆ.

ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ನನ್ನ ಮುಖ ನೋಡಿ ಹತ್ತಿ ತಂದಿಟ್ಟರು. "ಮನಸ್ಸಿಗೆ ಬೈಬ್ಯಾಡವಾ, ಅದು ಓಣ್ಯಾಗ ಆಡೋ ಕೂಸು. ಬತ್ತಿ ಹೊಸಕೋತ ಕೂಡು. ಓಡಿ ಹೋದಾಗೆಲ್ಲಾ ‘ಬಾ ನಮ್ಮವ್ವಾ, ಕೂಡು’ ಅಂತ ಪ್ರೀತಿಲೆ ಕರಿ" ಎಂದು ಹೇಳಿ ಮಧ್ಯಾಹ್ನದ ನಿದ್ದೆಗೆ ಹೋದರು. ಅವರ ಧ್ಯಾನವೆಲ್ಲ ಅಷ್ಟೇ.

ಇದರಿಂದ ಏನೂ ಆಗುವುದಿಲ್ಲ ಎಂದು ತೋರಿಸಲಿಕ್ಕೇ ನಾನು ಕುಳಿತೆ. ಮನಸ್ಸು ‘ಕಳ್ಳಿ, ಕಳ್ಳಿ’ ಎನ್ನುತ್ತ ಅಡುಗೆಮನೆಯತ್ತ ಓಡುತ್ತಿತ್ತು. ತುಟಿ ಬಿಚ್ಚದೆ ಒಳಗೊಳಗೇ ಅದನ್ನು ಕರೆದೆ. ಮೊದಲು ಹಲ್ಲು ಕಚ್ಚಿ, ಬರಬರುತ್ತ ನಿಜವಾದ ಅಕ್ಕರೆಯಿಂದ.

ಆಗ ಮಾಲತಿ ಸೆರಗಿಗೆ ಕೈ ಒರೆಸುತ್ತ ಬಂದು ನನ್ನೆದುರು ಕುಳಿತು, ಹತ್ತಿ ತೆಗೆದುಕೊಂಡಳು. ಹಾಗೆ ಅವಳು ಎಂದೂ ಕುಳಿತವಳಲ್ಲ. ಏನೆಂದು ಹಿಂದಿಯಲ್ಲಿ ಕೇಳಿದೆ.

"ನೀವೇ ಕರೆದ್ರಲ್ಲ ಬೌದಿ, ‘ಆಯ್ ಮಾ, ಬೋಶ್’ ಅಂತ. ನಮ್ಮಮ್ಮನೂ ಹೀಗೇ ಕರೀತಿದ್ಲು" ಎಂದಳು. ಅವಳ ಕಣ್ಣು ತುಂಬಿತ್ತು.

ಬಾ ತಾಯಿ, ಕೂಡು ಎಂದು ಅದರರ್ಥ. ನನ್ನ ಬಂಗಾಳಿ ತರಕಾರಿ ದರ ಕೇಳುವುದರಾಚೆ ಹೋಗಿರಲಿಲ್ಲ. ನಾನೇ ಗೊಣಗಿದೆನೇ? ಗೊಣಗಿದ್ದರೂ ಕನ್ನಡದಲ್ಲಲ್ಲವೇ? ಅಥವಾ ನನ್ನ ಗುಮಾನಿಯ ಸುಳಿವು ಸಿಕ್ಕು ನಾಟಕ ಹೂಡಿದಳೇ? ಅತ್ತೆ ಎದ್ದ ಮೇಲೆ ಹೇಳಿದರೆ, "ಕರದಿ, ಬಂದ್ಲು. ಮತ್ತೇನಾತು?" ಎಂದು ಚಹಾಕ್ಕೆ ನೀರಿಟ್ಟರು.

ಅಂದು ಸಂಜೆ ನಾನು ಯಾರಿಗೂ ಏನೂ ಹೇಳಲಿಲ್ಲ. ಬೆಂಡೋಲೆ ಇವತ್ತಿಗೂ ಸಿಕ್ಕಿಲ್ಲ. ಮಾಲತಿ ಈಗಲೂ ಬರುತ್ತಾಳೆ, ನಾನು ಈಗಲೂ ಅವಳ ಕೈಗಳ ಮೇಲೆ ಒಂದು ಕಣ್ಣಿಟ್ಟಿರುತ್ತೇನೆ. ಆದರೆ ನನ್ನನ್ನು ಕಾಡುವುದು ಓಲೆಯಲ್ಲ. ಒಳಗೆ ಕರೆದದ್ದು ಅವಳಿಗೆ ಕೇಳಿಸಿದ್ದು ನಿಜವಾದರೆ, ಅದಕ್ಕೂ ಮೊದಲು ‘ಕಳ್ಳಿ’ ಎಂದದ್ದೂ ಕೇಳಿಸಿರಬೇಕು. ಆದರೂ ಬಂದು ಕುಳಿತಳಲ್ಲ, ಯಾಕೆ?