ಸಮುದ್ರಕ್ಕೆ ಬೆನ್ನು ಕೊಟ್ಟು ಕೂತ ಅವ್ವ

ಒಟ್ಟು ಖರ್ಚು ಏಳುನೂರ ಇಪ್ಪತ್ತು ರೂಪಾಯಿ. ಅದರಲ್ಲಿ ಐದುನೂರು ಗಾಡಿಗೆ ಹೋಯಿತು, ಉಳಿದದ್ದು ಹೊಟ್ಟೆಗೆ, ದೋಣಿಗೆ, ದೇವರಿಗೆ. ಎಪ್ಪತ್ತರ ದಶಕದ ನಡುವಿನ ಮಾತಿದು. ಆ ದುಡ್ಡಿಗೆ ಆಗ ನಮ್ಮೂರು ಇಂಡಿಯಲ್ಲಿ ಒಂದು ಸಾಧಾರಣ ಎಮ್ಮೆ ಬರುತ್ತಿತ್ತು. ಎಮ್ಮೆ ಕಟ್ಟುವುದು ಬಿಟ್ಟು ಸಮುದ್ರ ನೋಡಲು ಹೊರಟನಲ್ಲ ಎಂದು ಓಣಿಯ ಮಂದಿ ನಕ್ಕರು. ನಗಲಿ. ಅವರಿಗೆ ಬಾಡಿಗೆ ಹೇಗೆ ಮಾತಾಡಬೇಕು ಎಂಬುದೇ ಗೊತ್ತಿರಲಿಲ್ಲ.

ಮುದ್ದೇಬಿಹಾಳದಲ್ಲಿ ಒಬ್ಬ ಮಾಲಕನ ಮೆಟಾಡೋರ್ ಇತ್ತು. ಮೊದಲು ಅವನು ಕೇಳಿದ್ದು ಒಂಬತ್ತುನೂರು. ನಾನು ಚಹಾ ತರಿಸಿದೆ. ಆ ಗಾಡಿ ಆಗಾಗ ಕುಮಟೆಗೆ ತೆಂಗಿನಕಾಯಿ ತರಲು ಹೋಗುತ್ತದೆ, ಹೋಗುವಾಗ ಬಹುಪಾಲು ಖಾಲಿ ಇರುತ್ತದೆ ಎಂಬುದು ನನಗೆ ತಾಳಿಕೋಟೆಯ ಸಂತೆಯಲ್ಲಿ ಮೊದಲೇ ತಿಳಿದಿತ್ತು. ಚಹಾ ಮುಗಿದ ಮೇಲೆ ಹೇಳಿದೆ: "ಖಾಲಿ ಗಾಡೀನೂ ಡೀಸೆಲ್ ಕುಡೀತೈತ್ರಿ. ಹೋಗೂವಾಗ ನಾವ ಹೇಳಿದಲ್ಲಿ ನಿಲ್ಲಸ್ರಿ. ಬರೂವಾಗ ನಿಮ್ಮ ಕಾಯಿ ನಮ್ಮ ಕಾಲಾಗ ಹಾಕ್ರಿ, ನಾವೇನ ಅನ್ನಂಗಿಲ್ಲ." ಮಾಲಕ ನಕ್ಕ. ಅವನು ನಕ್ಕಾಗಲೇ ನಾಲ್ಕುನೂರು ಇಳಿಯಿತು.

ಇಷ್ಟು ಮಾಡಿದ್ದು ಅವ್ವನ ಸಲುವಾಗಿ. ನಾನು ಗೋಣಿಚೀಲದ ವ್ಯಾಪಾರಿ. ಹರಿದ ಚೀಲ ಕೊಂಡು, ತೇಪೆ ಹಾಕಿಸಿ, ಸುಗ್ಗಿಗೆ ಮಾರುತ್ತಿದ್ದೆ. ಮೊದಲ ವರ್ಷಗಳಲ್ಲಿ ತೇಪೆ ಹಾಕಿದವಳು ಅವ್ವನೇ. ಅಪ್ಪ ಬೇಗ ಹೋದ. ದಬ್ಬಣದಿಂದ ಅವಳ ಹೆಬ್ಬೆರಳು ಗಟ್ಟಿಯಾಗಿ ಸುಟ್ಟ ಇಟ್ಟಿಗೆಯಂತಾಗಿತ್ತು. ಜನ್ಮದಲ್ಲಿ ಏನೂ ಕೇಳದವಳು, ಒಮ್ಮೆ ಲಚ್ಯಾಣದ ಮಠದಲ್ಲಿ ಪ್ರವಚನ ಕೇಳಿ ಬಂದು, "ಸಮುದ್ರಕ್ಕ ಆಚಿ ದಂಡಿ ಇರೂದಿಲ್ಲಂತ, ಖರೇ ಏನೋ ತಮ್ಮಾ?" ಎಂದಳು. ನಾನು ನೋಡಿದ್ದರೆ ತಾನೇ ಹೇಳುವುದು? ನೋಡೋಣ ನಡೆ ಎಂದೆ.

ಬಿತ್ತಿಗೆ ಮುಗಿದು ಬಿಳಿಜೋಳ ಮೊಣಕಾಲೆತ್ತರ ಬಂದಿತ್ತು. ವ್ಯಾಪಾರಕ್ಕೆ ಬಿಡುವಿನ ಕಾಲ. ನಾನು, ನನ್ನ ಹೆಂಡತಿ, ಅವ್ವ ಇಂಡಿಗೇ ಕರೆಸಿದ ಗಾಡಿಯಲ್ಲಿ ಹೊರಟೆವು. ಸಿಂದಗಿಯಲ್ಲಿ ಅಕ್ಕ ಮತ್ತು ಅವಳ ಗಂಡ ಹತ್ತಿದರು. ಈ ನಮ್ಮ ಮಾಮಾ ಜಮೀನುದಾರರು. ಚೀಲದ ವ್ಯಾಪಾರವೆಂದರೆ ಅವರಿಗೆ ಮೊದಲಿನಿಂದಲೂ ಚೇಷ್ಟೆ.

"ಏನಪಾ ಚೀಲದ ಸಾಹುಕಾರ," ಎಂದರು ಕಾಲಿಡುತ್ತಲೇ, "ನಮ್ಮನ್ನೂ ಚೀಲದಾಗ ತುಂಬಿ ಬಾಯಿ ಹೊಲಿದು ಒಯ್ಯಾವೇನ?"

"ನಿಮ್ಮ ಅಳತಿ ಚೀಲ ಇನ್ನೂ ಬಂದಿಲ್ರಿ ಮಾಮಾ," ಎಂದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

ಬಸವನ ಬಾಗೇವಾಡಿಯಲ್ಲಿ ಅವ್ವನ ತಂಗಿ, ನಮ್ಮ ಚಿಗವ್ವ, ಒಂದು ಡಬ್ಬಿ ಶೇಂಗಾ ಹೋಳಿಗೆ ಹಿಡಿದು ರಸ್ತೆಯ ಮೇಲೇ ನಿಂತಿದ್ದಳು. ಮುದ್ದೇಬಿಹಾಳ ದಾಟಿದಾಗ ಗಾಡಿಯಲ್ಲಿ ನಾವು ಆರು ಮಂದಿ, ಒಬ್ಬ ಡ್ರೈವರ್, ಒಂದು ಬುಟ್ಟಿ ಒಣಗಿಸಿದ ಕಟಿರೊಟ್ಟಿ, ಮತ್ತು ಬಾಯಿಗೆ ಬಟ್ಟೆ ಕಟ್ಟಿದ ಅವ್ವನ ತಾಮ್ರದ ಕೊಡ. ಆ ಕೊಡದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವ್ವ ಲಿಂಗಪೂಜೆಯಾಗದೆ ತುತ್ತು ಎತ್ತುವವಳಲ್ಲ. ಮೀನು ಮಾಂಸ ಬೇಯುವ ಕಡೆಯ ನೀರು ಪೂಜೆಗೂ ಬಾರದು, ಬಾಯಿಗೂ ಬಾರದು. ಅದಕ್ಕೇ ಮನೆಯ ಬಾವಿಯ ನೀರನ್ನು ಕೊಡ ತುಂಬಿ ತಂದಿದ್ದಳು.

ರಾತ್ರಿ ಹುಬ್ಬಳ್ಳಿಯ ಛತ್ರದಲ್ಲಿ ಮಲಗಿ, ಪೂಜೆ ಮುಂದೆ ಇಳಿದಲ್ಲಿ ಎಂದು ನಸುಕಿನಲ್ಲೇ ಎದ್ದು ಯಲ್ಲಾಪುರದ ದಾರಿ ಹಿಡಿದೆವು. ಅರಬೈಲು ಘಟ್ಟ ಇಳಿಯುವಾಗ ಎಲ್ಲರೂ ಕಿಟಕಿಗೆ ಮುಖ ಹಚ್ಚಿದೆವು. ಬಯಲಿನಲ್ಲಿ ಹುಟ್ಟಿದ ಕಣ್ಣಿಗೆ ಎಲ್ಲಿ ನೋಡಿದರೂ ಏನಾದರೊಂದು ಅಡ್ಡ ಬರುತ್ತಿತ್ತು. ಚಿಗವ್ವ ಕೇಳಿಯೇಬಿಟ್ಟಳು: "ಇಷ್ಟ ಗಿಡದಾಗ ಒಂದ ಜ್ವಾಳದ ತೆನಿ ಇಲ್ಲಲ್ಲ, ಈ ಮಂದಿ ಏನ ತಿಂತಾರೋ ಯವ್ವಾ!"

ಘಟ್ಟದಲ್ಲೇ ಒಂದು ಗಾಲಿ ಪಂಕ್ಚರ್ ಆಗಿ ಕೂತಿತು. ಸ್ಟೆಪ್ನಿ ಹಾಕಿ ಮುಂದೆ ಹೊರಟೆವು. ಅಂಕೋಲೆಯ ಹತ್ತಿರ ರಸ್ತೆಯ ಮಗ್ಗುಲಿಗೇ ಗಂಗಾವಳಿ ಹೊಳೆ ಬಂತು. ದಂಡೆಗೆ ದಂಡೆ ತುಂಬಿದ, ಹಸಿರು ಬಣ್ಣದ, ಅಲುಗಾಡದ ನೀರು. ಮಾಮಾ ಗಾಡಿ ನಿಲ್ಲಿಸಿದರು.

"ಇಂಥಾ ಗಂಗಿ ಇರೂವಾಗ ನಿನ್ನಿ ನೀರ ಯಾಕ ಹೊತ್ತ ತಿರಗತೀರಿ ಅತ್ತಿ?" ಎಂದವರೇ ಕೊಡದಲ್ಲಿ ಉಳಿದಿದ್ದ ಮನೆಯ ನೀರನ್ನು ಗಿಡದ ಬುಡಕ್ಕೆ ಸುರಿದು, ಕೊಡ ತಿಕ್ಕಿ ತೊಳೆದು, ಹೊಳೆಯ ನೀರು ತುಂಬಿ ತಂದರು. ಬೇಡ ಎನ್ನಲು ನಮಗೆ ಯಾರಿಗೂ ಕಾರಣವಿರಲಿಲ್ಲ. ಭೀಮಾ, ಕೃಷ್ಣಾ ನೋಡಿದವರು ನಾವು. ತುಂಬಿದ ಹೊಳೆ ಎಂದರೆ ನಮಗೆ ಸಿಹಿನೀರು. ಸಮುದ್ರ ದಿನಕ್ಕೆರಡು ಸಲ ಹೊಳೆಯೊಳಗೆ ಹತ್ತಿ ಬರುತ್ತದೆ ಎಂಬುದನ್ನು ನಮ್ಮ ಕಡೆ ಯಾರು ಕಂಡಿದ್ದಾರೆ?

ಅಲ್ಲಿಂದ ಸ್ವಲ್ಪ ಮುಂದೆ, ಒಂದು ಮೀನುಗಾರರ ಊರಿನ ಹತ್ತಿರ, ಎರಡನೆಯ ಗಾಲಿ ಕೂತಿತು. ಸ್ಟೆಪ್ನಿ ಇಲ್ಲ. ಡ್ರೈವರ್ ಗಾಲಿ ಬಿಚ್ಚಿಕೊಂಡು ಬಸ್ಸು ಹತ್ತಿ ಅಂಕೋಲೆಗೆ ಹೋದ. ನಾವು ಗಾಳಿಮರದ ತೋಪಿನ ನೆರಳಿಗೆ ಇಳಿದೆವು. ತೋಪಿನ ಆಚೆಗೇ ಸಮುದ್ರ. ಸದ್ದು ಕೇಳಿ ಅಕ್ಕ, ಚಿಗವ್ವ, ನನ್ನ ಹೆಂಡತಿ ಓಡಿದರು. ಅವ್ವ ಓಡಲಿಲ್ಲ. ಪೂಜೆ ಮೊದಲು ಎಂದು ಕೊಡ ಬಗ್ಗಿಸಿ ಬೊಗಸೆಗೆ ನೀರು ಹಿಡಿದು ಬಾಯಿ ಮುಕ್ಕಳಿಸಿದಳು. ಮರುಗಳಿಗೆ ಉಗುಳಿದಳು.

"ಅಯ್ಯ, ಇದೂ ಡೋಣಿನ ಆತಲ್ಲೋ!"

ಡೋಣಿ ಅವಳ ತವರಿನ ಹೊಳೆ, ತಾಳಿಕೋಟೆಯ ಪಕ್ಕದ್ದು. ಹೆಸರುವಾಸಿ ಉಪ್ಪುನೀರು. ಮಾಮಾ ಒಂದು ಗುಟುಕು ನೋಡಿ ಮುಖ ಕಿವುಚಿ, ಏನೂ ಆಗದವರಂತೆ ಮರ ಎಣಿಸುತ್ತ ನಿಂತರು.

ಅವ್ವ ತೋಪಿನ ಅಂಚಿನಲ್ಲಿ ಕೂತಳು, ಸಮುದ್ರಕ್ಕೆ ಬೆನ್ನು ಕೊಟ್ಟು.

"ಹೊಳ್ಳಿ ನೋಡ ಬೇ ಯವ್ವಾ, ಇದಕ್ಕಂತನ ಬಂದೇವಿ," ಎಂದೆ.

"ಪೂಜಿ ಆಗಲಾರದ ಕಣ್ಣೀಲೆ ನೋಡಾಂಗಿಲ್ಲ."

ನಾನು ಊರೊಳಗೆ ಹೋಗಿ ಬಂದೆ. ಬಾವಿಯ ಸುತ್ತಲೇ ಚಾಪೆ ಹಾಸಿ ಮೀನು ಒಣಗಿಸಿದ್ದರು. ಎಳನೀರು ಕೊಂಡು ತಂದೆ. ಕೇಳಿದ್ದರ ಅರ್ಧಕ್ಕೆ ತಂದೆ, ಅದು ಬೇರೆ ಮಾತು. ಅವ್ವ ಕಾಯಿಯನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. "ಲಿಂಗಕ್ಕ ದಿನಾ ಎಳನೀರ ಎರೀಲೇನ? ರೊಟ್ಟಿ ಎಳನೀರಾಗ ಅದ್ದಲೇನ? ಇವತ್ತ ಹೆಂಗರೆ ಆದೀತು. ನಾಳಿಗೆ? ಮುಂದಿನ ಊರಾಗೂ ಇದ ನೀರು, ಇದ ಮೀನು. ಗಾಡಿ ಬರಲಿ, ಘಟ್ಟ ಹತ್ತಸ್ರಿ. ನೀವ ನೋಡೀರಿ, ಸಾಕು."

ಮುಂಜಾನೆಯಿಂದ ಅವಳ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಇಷ್ಟು ದೂರ ಬಂದು, ಇಪ್ಪತ್ತು ಮಾರು ಹಿಂದಿರುವ ಸಮುದ್ರವನ್ನು ನೋಡದೆ ಅವ್ವ ಊರಿಗೆ ಹೋಗುತ್ತಾಳೆ ಎಂದರೆ ನಾನು ಮಾತಾಡಿದ ಬಾಡಿಗೆಗೆ ಏನು ಅರ್ಥ? ನಾನು ಅವಳ ಎದುರಿಗೆ ಕೂತೆ. ಗಿರಾಕಿ ಎದ್ದು ಹೊರಟಾಗ ಕೂಗಿ ಕರೆಯಬಾರದು, ಬೇರೆ ಮಾತು ತೆಗೆಯಬೇಕು. ನಾನೂ ಬೇರೆ ಮಾತು ತೆಗೆದೆ.

"ಅಲ್ಲ ಯವ್ವಾ, ಡೋಣಿ ದಂಡ್ಯಾಗ ಹುಟ್ಟಿ ಬೆಳದಾಕಿ ನೀ. ಹೊಳಿ ಉಪ್ಪಿದ್ರ ನೀವೆಲ್ಲ ಕುಡಿಯೂದೇನು?"

"ವರ್ತಿ ತೋಡತಿದ್ದಿವಿ," ಎಂದಳು ಸಿಟ್ಟಿನಲ್ಲೇ. "ಹರಿಯೂ ನೀರ ಬಿಟ್ಟ ಮ್ಯಾಲಿನ ಮಗ್ಗಲ ಉಸುಕಿನಾಗ ತೋಡಿದ್ರ, ಹೊಲದಿಂದ ಬಸದ ಬಂದ ಮಳಿ ನೀರ ಸಿಗತೈತಿ. ಅಷ್ಟೂ..."

ಮಾತು ಅಲ್ಲೇ ನಿಂತಿತು. ಅವಳು ಕೂತಲ್ಲಿಯ ಉಸುಕನ್ನು ನೋಡಿದಳು. ತೋಪಿನ ಹಿಂದಿನ ತೆಂಗಿನ ತೋಟವನ್ನು, ಅದರಾಚೆಯ ಗುಡ್ಡವನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಸಮುದ್ರದ ಕಡೆ ಮುಖ ಹೊರಳದಂತೆ ಅಡ್ಡಡ್ಡ ನಡೆಯುತ್ತ, ನೇರಳೆ ಹೂವಿನ ಬಳ್ಳಿ ಹಬ್ಬಿದ ಒಂದು ತಗ್ಗಿನಲ್ಲಿ ಹಿಮ್ಮಡಿಯಿಂದ ಒತ್ತಿ ನೋಡಿದಳು. "ಪರಾತ ತಾ."

ಮಾಮಾ ಜೋರಾಗಿ ನಕ್ಕರು. "ಸಮುದ್ರದ ಬಾಯಾಗ ಕುಂತು ಸಿಹಿನೀರ ತೋಡೂದು! ಇದು ಚೀಲದ ಲೆಕ್ಕ ಅಲ್ಲಪಾ."

"ಬಂದ್ರ ಏನ ಮಾಡತೀರಿ ಮಾಮಾ?"

"ಬಂದ್ರ ಊರ ಮುಟ್ಟೂತನ ನಿಮ್ಮವ್ವನ ಕೊಡ ನಾ ಹೊರತೇನಿ."

"ಅಕ್ಕಾ, ಕೇಳಿದೆಲ್ಲ? ಸಾಕ್ಷಿ ನೀನ."

ಹಿಟ್ಟು ನಾದುವ ಪರಾತದಿಂದ ನಾನು, ತಾಟಿನಿಂದ ಚಿಗವ್ವ, ತೆಂಗಿನ ಚಿಪ್ಪಿನಿಂದ ಅವ್ವ ತೋಡಿದೆವು. ಒಣ ಉಸುಕು ಎಷ್ಟು ತೆಗೆದರೂ ಒಳಗೇ ಜಾರುತ್ತಿತ್ತು. ಮೊಣಕಾಲು ಮುಳುಗುವಷ್ಟು ಹೋದಾಗ ಉಸುಕಿನ ಬಣ್ಣ ಕಪ್ಪಾಯಿತು, ಕೈಗೆ ತಂಪು ಹತ್ತಿತು. ಅಷ್ಟರಲ್ಲಿ ಬುಟ್ಟಿ ಹೊತ್ತ ಆ ಊರಿನ ಹೆಂಗಸೊಬ್ಬಳು ದೂರದಲ್ಲೇ ನಿಂತು ಕೂಗಿದಳು: "ಅಮ್ಮಾ, ಎಂತ ಕಳ್ಕಂಡ್ರಿ ಅಲ್ಲಿ?"

"ನೀರ ಹುಡಕಾಕತ್ತೇನವ್ವಾ!"

"ಹಾಗಾದ್ರೆ ಅಲ್ಲೇ ಉಂಟು, ಇನ್ನು ಸ್ವಲ್ಪ ತೆಗೀರಿ. ಹೆಚ್ಚು ಕೆಳಗೆ ಹೋಗ್ಬೇಡಿ ಮತ್ತೆ, ಉಪ್ಪು ಬರ್ತದೆ. ಬಾವಿ ಆಗುವ ಮೊದಲು ನಮ್ಮತ್ತೆಯೋರು ಅಲ್ಲೇ ತೋಡ್ತಿದ್ರು."

ಅವ್ವ ಮಾಮಾನ ಕಡೆ ನೋಡಲೇ ಇಲ್ಲ. ನೋಡುವ ಅಗತ್ಯವೂ ಇರಲಿಲ್ಲ. ನೀರು ಒಸರತೊಡಗಿತು. ಮೊದಲ ನೀರು ರಾಡಿ, ಮೊಗೆದು ಚೆಲ್ಲಿದೆವು. ಎರಡನೆಯದೂ ಚೆಲ್ಲಿದೆವು. ಆಮೇಲೆ ತಿಳಿಯಾಗಿ, ಕನ್ನಡಿಯಂತೆ, ತಾನಾಗಿ ತುಂಬಿ ನಿಂತಿತು. ಅವ್ವ ಬೆರಳದ್ದಿ ನಾಲಗೆಗೆ ಇಟ್ಟಳು. ನಾವು ಅವಳ ಮುಖ ನೋಡುತ್ತಿದ್ದೆವು. ಅವಳು ಅವಸರ ಮಾಡಲಿಲ್ಲ. ಇನ್ನೊಂದು ಬೊಗಸೆ ಕುಡಿದಳು, ಮತ್ತೊಂದು ಕುಡಿದಳು.

"ಅಳಿಯಂದ್ರ, ಕೊಡ ತೊಳೀರಿ," ಎಂದಳು.

ಅರಿವೆಯಲ್ಲಿ ಸೋಸಿ ತುಂಬಿದ ಆ ನೀರಿನಿಂದಲೇ ಪೂಜೆಯಾಯಿತು. ಪೂಜೆ ಮುಗಿಸಿ, ಲಿಂಗವನ್ನು ಕಟ್ಟಿಕೊಂಡು, ಅವ್ವ ಎದ್ದು ಸಮುದ್ರದ ಕಡೆ ಹೊರಳಿದಳು. ಹೊತ್ತು ಇಳಿಯುತ್ತಿತ್ತು. ತೆರೆ ಬಂದು, ಒಡೆದು, ಅವಳ ಪಾದದ ಹತ್ತಿರ ನೊರೆ ಬಿಟ್ಟು ಹಿಂದೆ ಸರಿಯಿತು. ಕಣ್ಣಿಗೆ ಕೈ ಅಡ್ಡ ಹಿಡಿದು ಆಚೆ ದಂಡೆ ಹುಡುಕಿದಳು, ಕಾಣಲಿಲ್ಲ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಅದಕ್ಕೇ ಹೇಳಿದಳು: "ಇಷ್ಟ ನೀರ ಇಟಗೊಂಡು, ಒಂದ ತಂಬಿಗಿ ಸಲವಾಗಿ ನನ್ನ ಕೂಡ ಜಗಳಾಡಿದೆಲ್ಲ!"

ಆ ಹೆಂಗಸನ್ನು ಕರೆದು ಕೂಡಿಸಿ ಶೇಂಗಾ ಹೋಳಿಗೆ ಕೊಟ್ಟಳು. ಡ್ರೈವರ್ ಗಾಲಿ ಉರುಳಿಸಿಕೊಂಡು ಬಂದಾಗ ಘಟ್ಟ ಹತ್ತಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಅಲ್ಲಿಂದ ಮುಂದಿನದು ದಿಗ್ವಿಜಯವೇ. ಗೋಕರ್ಣದಲ್ಲಿ ದೇವರ ದರ್ಶನವಾಯಿತು. ತದಡಿಯಲ್ಲಿ ಗಾಡಿಯನ್ನು ಸುತ್ತುದಾರಿಯಲ್ಲಿ ಕುಮಟೆಗೆ ಕಳಿಸಿ, ನಾವು ದೋಣಿಯಲ್ಲಿ ಅಘನಾಶಿನಿ ದಾಟಿದೆವು. ದೋಣಿಯವನು ತಲೆಗಿಷ್ಟು ಎಂದು ದುಬಾರಿ ಬಾಡಿಗೆ ಹೇಳಿದ. ನಾನು ದಂಡೆಯ ಮೇಲೆ ಕೂತು ರೊಟ್ಟಿ ಬಿಚ್ಚಿದೆ. ಆಚೆ ದಡದಲ್ಲಿ ಸಂತೆಗೆ ಹೋಗುವವರು ಅವನಿಗಾಗಿ ಕಾಯುತ್ತಿದ್ದುದು ಕಾಣುತ್ತಿತ್ತು. ಖಾಲಿ ದೋಣಿ ತಿರುಗಿಸುವ ಹೊತ್ತಿಗೆ ಅವನೇ ಕರೆದು ಅರ್ಧಕ್ಕೆ ಹತ್ತಿಸಿಕೊಂಡ. ಅಳಿವೆಯ ನಡುವೆ ಚಿಗವ್ವ ಕಣ್ಣು ಮುಚ್ಚಿಕೊಂಡಿದ್ದಳು, ಅವ್ವ ನೀರಿಗೆ ಕೈ ಬಿಟ್ಟು ಕೂತಿದ್ದಳು. ಹೊನ್ನಾವರದ ಹತ್ತಿರ ಅಪ್ಸರಕೊಂಡದ ಝರಿಯ ಕೆಳಗೆ ಎಲ್ಲರೂ ತಲೆ ಕೊಟ್ಟು ನಿಂತೆವು. ಇಡಗುಂಜಿಯ ಗಣಪನಿಗೆ ಕಾಯಿ ಒಡೆದೆವು. ಎಲ್ಲ ಕಡೆಯೂ ಮಾಮಾ ಕೊಡ ಹೊತ್ತೇ ನಡೆದರು. ಮಾತಿಗೆ ತಪ್ಪಲಿಲ್ಲ, ಅದನ್ನು ಒಪ್ಪಬೇಕು.

ಮುರ್ಡೇಶ್ವರದಲ್ಲಿ ಆಗ ಗುಡ್ಡ, ಗುಡಿ, ಸಮುದ್ರ ಇಷ್ಟೇ. ಅಲ್ಲಿಯೂ ಅವ್ವ ದಂಡೆಯ ಮೇಲುಮಗ್ಗುಲಿಗೆ ವರ್ತಿ ತೋಡಿಸಿದಳು. ಬಾಗಲಕೋಟೆ ಕಡೆಯಿಂದ ಯಾತ್ರೆಗೆ ಬಂದ ಮಂದಿ ಕೊಡಗಳನ್ನು ಹಿಡಿದು ಸಾಲು ನಿಂತರು. ಅವ್ವ ಚಿಪ್ಪು ಹಿಡಿದು ನಡುವೆ ಕೂತು, "ಕಾಲಿಡಬ್ಯಾಡ್ರೆವ್ವಾ, ರಾಡಿ ಆಗತೈತಿ, ಒಬ್ಬೊಬ್ಬರ ಬರ್ರಿ" ಎಂದು ಗದರುತ್ತಿದ್ದಳು. ಯಾರೋ ಮಾಮಾನನ್ನು ಕೇಳಿದರು, "ಇದನ್ನ ಕಂಡ ಹಿಡದವರ ಯಾರ್ರೀ?" ಮಾಮಾ ಎದೆ ಸೆಟೆಸಿ ಹೇಳಿದರು: "ನಮ್ಮ ಅತ್ತಿ."

ತೆಂಗಿನಕಾಯಿ ರಾಶಿಯ ಮೇಲೆ ಕಾಲು ಮಡಚಿ ಕೂತು ಊರಿಗೆ ಬಂದೆವು. ಬೆನ್ನು ನೋಯಿತು, ನಗು ನಿಲ್ಲಲಿಲ್ಲ.

ನೀವು ಹೋಗುವವರಿದ್ದರೆ ಇಷ್ಟು ಕೇಳಿ. ಮಳೆಗಾಲ ಕಳೆದ ಮೇಲೆ, ಚಳಿ ಇರುವಾಗ ಹೋಗಿ. ಆಗ ಘಟ್ಟವೂ ಹಸಿರು, ದಂಡೆಯ ಉಸುಕಿನಲ್ಲಿ ಸಿಹಿನೀರೂ ಉಂಟು. ಮನೆಯಲ್ಲಿ ಹಿರಿಯರಿದ್ದರೆ ಅವರ ಪೂಜೆ, ನೀರು, ಊಟ ಯಾವ ಊರಿನಲ್ಲಿ ಹೇಗೆ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ನೋಡುವ ಜಾಗಗಳ ಹೆಸರು ಆಮೇಲೆ ಬರೆದುಕೊಂಡರೂ ನಡೆದೀತು. ಗಾಡಿಯಾಗಲಿ ದೋಣಿಯಾಗಲಿ, ಅದು ಖಾಲಿ ಹೋಗುವ ದಿಕ್ಕು ಯಾವುದು ಎಂದು ನೋಡಿ ಬಾಡಿಗೆ ಮಾತಾಡಿ. ಘಟ್ಟ ಇಳಿಯುವವರು ಎರಡು ಸ್ಟೆಪ್ನಿ ಇಟ್ಟುಕೊಳ್ಳಿ. ಹೊಳೆ ಎಷ್ಟೇ ತುಂಬಿರಲಿ, ನಾಲಗೆಗೆ ಮುಟ್ಟಿಸಿ ನೋಡುವತನಕ ಕೈಯಲ್ಲಿದ್ದ ನೀರನ್ನು ಚೆಲ್ಲಬೇಡಿ. ದಂಡೆಯಲ್ಲಿ ತೋಡುವುದಾದರೆ ತೆರೆ ಮುಟ್ಟುವ ಗೆರೆಯಿಂದ ಮೇಲೆ, ಬಳ್ಳಿ ಹಬ್ಬಿದಲ್ಲಿ ತೋಡಿ. ಅಲ್ಲಿಯವರನ್ನು ಕೇಳಿಯೇ ತೋಡಿ, ಈಗ ಮನೆಗಳು ಹೆಚ್ಚಾಗಿವೆ, ಕಾಯಿಸಿ ಕುಡಿಯಿರಿ. ನೀರು ಬಂತೆಂದು ಹುಮ್ಮಸ್ಸಿನಲ್ಲಿ ಇನ್ನೂ ಕೆಳಗೆ ಹೋಗಬೇಡಿ. ಏಳುವಾಗ ವರ್ತಿಯನ್ನು ಉಸುಕಿನಿಂದ ಮುಚ್ಚಿ ಏಳಿ. ಆ ಊರಿನ ದನಗಳು ದಂಡೆಗುಂಟ ಅಡ್ಡಾಡುತ್ತವೆ, ಕಾಲಿಟ್ಟರೆ ಮುರಿದುಕೊಂಡಾವು.